ಹಗುರ ಕಿಟ್ ಸ್ಪೋರ್ಟ್ಸ್ ಕಾರನ್ನು ರಸ್ತೆಗೆ ಹದಗೊಳಿಸುವ ಕ್ರಮ

1957ರಲ್ಲಿ ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ಕಾರನ್ನು ಹೊರತಂದಾಗ, ಅದನ್ನು ಬಿಡಿಭಾಗಗಳ ಕಿಟ್ ಆಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವವರಿಗೆ ಬ್ರಿಟನ್ನಿನ ಖರೀದಿ ತೆರಿಗೆ ತಗಲುತ್ತಿರಲಿಲ್ಲ. ಆ ತೆರಿಗೆ 1973ರಲ್ಲಿ ರದ್ದಾಯಿತು. ಅದೇ ವರ್ಷ ಸೆವೆನ್ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಕಾರ್ಸ್ ಸಂಸ್ಥೆಗೆ ಬಂತು. ತೆರಿಗೆ ಹೋದರೂ ಕಿಟ್ ಉಳಿಯಿತು, ಅದನ್ನು ತಮ್ಮ ಕೈಯಾರೆ ಕಟ್ಟುವ ಆಸೆಯೂ ಉಳಿಯಿತು. ಭಾರತದಲ್ಲಿ ಪ್ರತಿ ವಾಹನ ಮಾದರಿಗೂ ತಯಾರಕರು ಮುಂಚಿತವಾಗಿ ಅನುಮೋದನೆ ಪಡೆಯಬೇಕೆಂಬ ನಿಯಮ ಇರುವುದರಿಂದ ಮನೆಯಲ್ಲಿ ಜೋಡಿಸಿದ ಕಾರನ್ನು ಆರ್‌ಟಿಒದಲ್ಲಿ ನೋಂದಾಯಿಸುವುದು ಬಹಳ ಕಷ್ಟ. ಆದ್ದರಿಂದ ಈ ಲೇಖನ ಮುಖ್ಯವಾಗಿ ಬ್ರಿಟನ್ನಿನಲ್ಲಿ ನೆಲೆಸಿ ಕೇಟರ್‌ಹ್ಯಾಮ್ ಸೆವೆನ್ ಅಥವಾ ಅದೇ ಜಾತಿಯ ಕಾರನ್ನು ಜೋಡಿಸಿರುವ, ಇಲ್ಲವೇ ಹಳೆಯದನ್ನು ಕೊಂಡಿರುವ ಕನ್ನಡಿಗರಿಗಾಗಿ ಬರೆದದ್ದು.

ಕಾರು ಓಡಾಡುವ ಸ್ಥಿತಿಗೆ ಬಂದ ಮಾತ್ರಕ್ಕೆ ಅದು ರಸ್ತೆಗೆ ಹದವಾಗಿದೆ ಎಂದಲ್ಲ. ಸೆವೆನ್‌ನಂಥ ಕಾರಿನ ತೂಕ ಮಾದರಿಗೆ ತಕ್ಕಂತೆ 440 ಕೆಜಿಯಿಂದ 600 ಕೆಜಿಯ ಆಸುಪಾಸಿನಲ್ಲಿರುತ್ತದೆ. 540 ಕೆಜಿಯ ಕಾರಿನಲ್ಲಿ 80 ಕೆಜಿ ತೂಗುವ ಚಾಲಕ ಕುಳಿತರೆ ಒಟ್ಟು ತೂಕದ ಸುಮಾರು 13 ಶೇಕಡಾ ಅವರದೇ ಆಗುತ್ತದೆ. ಒಂದೂವರೆ ಟನ್ನಿನ ಸಾಮಾನ್ಯ ಕಾರಿನಲ್ಲಿ ಅದೇ ಚಾಲಕರ ಪಾಲು 5 ಶೇಕಡಾ ಮಾತ್ರ. ಟೈರಿನ ಗಾಳಿ, ಸ್ಪ್ರಿಂಗಿನ ಎತ್ತರ, ಚಕ್ರದ ಕೋನ ಇವುಗಳಲ್ಲಿ ದೊಡ್ಡ ಕಾರು ಗಮನಕ್ಕೇ ತಂದುಕೊಳ್ಳದಷ್ಟು ಸಣ್ಣ ವ್ಯತ್ಯಾಸಗಳು ಇಲ್ಲಿ ಸ್ಟೀರಿಂಗ್ ಹಿಡಿದ ಕೈಗೆ ನೇರವಾಗಿ ತಿಳಿಯುತ್ತವೆ. ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡುವುದು ಎಷ್ಟು ಮುಖ್ಯವೋ, ರೇಸ್ ಟ್ರ್ಯಾಕಿನವರ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳದೆ ನಾವು ಓಡಿಸುವ ಒದ್ದೆಯಾದ, ತೇಪೆ ಹಾಕಿದ, ಉಬ್ಬುತಗ್ಗಿನ ರಸ್ತೆಗೆ ತಕ್ಕಂತೆ ಹೊಂದಿಸುವುದೂ ಅಷ್ಟೇ ಮುಖ್ಯ.

ಮೊದಲು ಸಡಿಲ ಭಾಗಗಳ ತಪಾಸಣೆ

ಸವೆದ ಬುಷ್ (ಜೋಡಣೆಗಳಲ್ಲಿ ಕೂರುವ ರಬ್ಬರ್ ಮೆತ್ತೆ) ಅಥವಾ ಸಡಿಲ ಜಾಯಿಂಟ್ ಇರುವ ಕಾರನ್ನು ಎಷ್ಟು ನಿಖರವಾಗಿ ಅಳೆದು ಹೊಂದಿಸಿದರೂ ಆ ಅಳತೆ ನಿಲ್ಲುವುದಿಲ್ಲ. ಕಾರನ್ನು ಜಾಕ್ ಕೊಟ್ಟು ಎತ್ತಿ ಆಕ್ಸಲ್ ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ಕೂರಿಸಿ, ಪ್ರತಿ ಚಕ್ರವನ್ನೂ ಮೇಲೆ ಕೆಳಗೆ ಹಿಡಿದು ಒಮ್ಮೆ, ಎಡ ಬಲ ಹಿಡಿದು ಒಮ್ಮೆ ಅಲುಗಾಡಿಸಿ ನೋಡಿ. ಮೇಲೆ ಕೆಳಗೆ ಹಿಡಿದಾಗ ಮಾತ್ರ ಪ್ಲೇ, ಅಂದರೆ ಸಡಿಲ ಅಲುಗಾಟ, ಕಂಡರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಮೇಲೆ ಅನುಮಾನ ಪಡಬೇಕು. ಎಡ ಬಲದಲ್ಲಿ ಮಾತ್ರ ಕಂಡರೆ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟ್ರ್ಯಾಕ್ ರಾಡಿನ ತುದಿ ಅಥವಾ ಸ್ಟೀರಿಂಗ್ ರ್ಯಾಕ್ ನೋಡಬೇಕು. ಡಿ ಡಿಯೋನ್ ಆಕ್ಸಲ್ (ಹಿಂದಿನ ಎರಡು ಚಕ್ರಗಳನ್ನು ಒಂದು ಕೊಳವೆಯಿಂದ ಜೋಡಿಸುವ ವಿನ್ಯಾಸ) ಇರುವ ಸೆವೆನ್ ಕಾರುಗಳಲ್ಲಿ ಹಿಂಭಾಗದ ಎ ಆಕಾರದ ಚೌಕಟ್ಟಿನ ಬುಷ್ ಬೇಗ ಸವೆಯುವ ಭಾಗವೆಂದು ಹೆಸರಾಗಿದೆ. ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಬೆನ್ನ ಹಿಂದೆ ಟಕ್ ಎಂಬ ಸದ್ದು ಬರುತ್ತಿದ್ದರೆ ಮೊದಲು ಅದನ್ನೇ ಪರೀಕ್ಷಿಸಿ.

ಹೊಸದಾಗಿ ಜೋಡಿಸಿದ ಕಾರಿನಲ್ಲಿ ಬಹಳ ಮಂದಿ ದಾಟಿಹೋಗುವ ಒಂದು ಹೆಜ್ಜೆ ಇಲ್ಲಿದೆ. ವಿಶ್‌ಬೋನ್‌ಗಳಲ್ಲಿ (ಚಕ್ರವನ್ನು ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, ಜೋಡಿಸುವ ಕವಲು ತೋಳುಗಳಲ್ಲಿ) ಇರುವ ರಬ್ಬರ್ ಬುಷ್‌ನ ಒಳಗಿನ ಲೋಹದ ಕೊಳವೆಯನ್ನು ಬೋಲ್ಟು ಚಾಸಿಗೆ ಕಚ್ಚಿ ಹಿಡಿಯುತ್ತದೆ; ಚಕ್ರ ಮೇಲೆ ಕೆಳಗೆ ಆಡುವಾಗ ರಬ್ಬರ್ ತಿರುಚಿಕೊಂಡು ಜಾಗ ಕೊಡುತ್ತದೆ. ಕಾರು ಸ್ಟ್ಯಾಂಡಿನ ಮೇಲಿದ್ದು ಚಕ್ರ ಇಳಿಬಿದ್ದಿರುವಾಗಲೇ ಆ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿರುತ್ತದೆ. ಅದು ಸ್ಪ್ರಿಂಗಿನ ಜೊತೆ ಸೇರಿ ಕಾರನ್ನು ಮೇಲಕ್ಕೆ ತಳ್ಳುತ್ತದೆ, ಎತ್ತರದ ಅಳತೆಯನ್ನು ಕೆಡಿಸುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ಈ ಬೋಲ್ಟುಗಳನ್ನು ಮೊದಲು ಕೈಬಿಗಿಯಷ್ಟೇ ಇಟ್ಟು, ಕಾರಿನ ಪೂರ್ತಿ ಭಾರ ಚಕ್ರಗಳ ಮೇಲೆ ಬಿದ್ದು ಎತ್ತರ ಸರಿಹೊಂದಿದ ಮೇಲೆ ಟಾರ್ಕ್ ವ್ರೆಂಚಿನಿಂದ ಕೈಪಿಡಿ ಹೇಳುವಷ್ಟು ಬಿಗಿ ಮಾಡಿ. ಬಿಗಿಯಾದ ಪ್ರತಿ ನಟ್ಟಿನಿಂದ ಪಕ್ಕದ ಲೋಹಕ್ಕೆ ಸೇರುವಂತೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆದರೆ, ಮುಂದೆ ಅದು ತಿರುಗಿದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಟೈರು ಮತ್ತು ಗಾಳಿ

ಗಾಳಿಯ ಒತ್ತಡ ಬದಲಾದರೆ ಕಾರಿನ ಎತ್ತರವೂ ಬದಲಾಗುವುದರಿಂದ ಎಲ್ಲ ಅಳತೆಗಳಿಗೂ ಮುಂಚೆ ಈ ಕೆಲಸ ಮುಗಿಯಬೇಕು. ಸಾಮಾನ್ಯ ಕಾರುಗಳಿಗೆ 30 ಪಿಎಸ್‌ಐಗಿಂತ ಹೆಚ್ಚು ಹಾಕುವ ರೂಢಿಯಿದೆ. ಸೆವೆನ್‌ಗೆ ಅಷ್ಟು ಹಾಕಿದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ಕಾರು ಪ್ರತಿ ಉಬ್ಬಿನ ಮೇಲೂ ಪುಟಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ಟೈರು ತಣ್ಣಗಿರುವಾಗ ನಾಲ್ಕಕ್ಕೂ 18ರಿಂದ 20 ಪಿಎಸ್‌ಐ ಇಟ್ಟು ಆರಂಭಿಸುವುದು ಒಳ್ಳೆಯದು. ಟೈರು ಹಾಕಿಸಿದ ಅಂಗಡಿಯವರು ಅಭ್ಯಾಸಬಲದಿಂದ ಹೆಚ್ಚು ಗಾಳಿ ತುಂಬಿರುವುದು ಸಾಮಾನ್ಯವಾದ್ದರಿಂದ ನಿಮ್ಮದೇ ಆದ ಗೇಜಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಹಗುರ ಕಾರಿನಲ್ಲಿ ಟೈರು ಸವೆಯುವುದು ನಿಧಾನ, ಆದರೆ ರಬ್ಬರ್ ಗಟ್ಟಿಯಾಗುವುದು ನಿಲ್ಲುವುದಿಲ್ಲ. ಪಕ್ಕದ ಗೋಡೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2316 ಎಂದಿದ್ದರೆ 2016ರ 23ನೇ ವಾರ. ಹಳೆಯ ಕಾರು ಕೊಂಡವರು ಟೈರಿನ ಗೀರುಗಳ ಆಳಕ್ಕಿಂತ ಮೊದಲು ಈ ಅಂಕಿಯನ್ನು ನೋಡಬೇಕು. ಟ್ರ್ಯಾಕಿಗೆಂದೇ ಮಾಡಿದ, ಗೀರುಗಳು ಕಡಿಮೆ ಇರುವ ಟೈರುಗಳು ಇಷ್ಟು ಹಗುರ ಕಾರಿನಲ್ಲಿ ರಸ್ತೆಯ ವೇಗಕ್ಕೆ ಬಿಸಿಯಾಗುವುದೇ ಕಷ್ಟ. ನಿಂತ ನೀರಿನ ಮೇಲೆ ಅವು ತೇಲುತ್ತವೆ. ರಸ್ತೆಯಲ್ಲೇ ಓಡಿಸುವವರಿಗೆ ಮೃದು ರಬ್ಬರಿನ ಸಾಮಾನ್ಯ ರಸ್ತೆ ಟೈರು ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಮತಟ್ಟಾದ ಜಾಗ

ಬ್ರಿಟನ್ನಿನ ಮನೆ ಗ್ಯಾರೇಜುಗಳ ನೆಲ ನೀರು ಹರಿದುಹೋಗಲೆಂದು ಬಾಗಿಲ ಕಡೆಗೆ ಇಳಿಜಾರಾಗಿರುವುದುಂಟು. ಕಣ್ಣಿಗೆ ಅದು ಕಾಣದು, ತೂಕದ ಯಂತ್ರಕ್ಕೆ ಕಾಣುತ್ತದೆ. ನಾಲ್ಕು ಚಕ್ರಗಳು ನಿಲ್ಲುವ ಜಾಗಗಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ನಮ್ಮ ಊರುಗಳ ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ನಾಲ್ಕರ ಮಟ್ಟವನ್ನೂ ಹೋಲಿಸಿ. ಉದ್ದ ದೂರಕ್ಕೆ ರಸಮಟ್ಟಕ್ಕಿಂತ ಈ ಟ್ಯೂಬೇ ಹೆಚ್ಚು ನಂಬಿಕೆಗೆ ಅರ್ಹ. ತಗ್ಗಿರುವ ಕಡೆ ಪ್ಲೈವುಡ್ ಅಥವಾ ವಿನೈಲ್ ಹಲಗೆಯ ತುಂಡುಗಳನ್ನು ಪೇರಿಸಿ, ನಾಲ್ಕೂ ಜಾಗಗಳು ಒಂದೆರಡು ಮಿಲಿಮೀಟರ್ ಒಳಗೆ ಸಮವಾಗುವಂತೆ ಮಾಡಿ, ಯಾವ ಚಕ್ರಕ್ಕೆ ಎಷ್ಟು ತುಂಡು ಎಂದು ನೆಲದ ಮೇಲೆಯೇ ಬರೆದಿಡಿ.

ಎತ್ತರ

ಚಾಲಕರು ಒಳಗಿರಬೇಕು, ಇಲ್ಲವೇ ಅವರಷ್ಟೇ ತೂಕ ಸೀಟಿನಲ್ಲಿರಬೇಕು. ಏಷ್ಯನ್ ಅಂಗಡಿಗಳಲ್ಲಿ ಸಿಗುವ 20 ಕೆಜಿಯ ಅಕ್ಕಿ ಚೀಲಗಳು ಇದಕ್ಕೆ ಹೇಳಿಮಾಡಿಸಿದಂತಿವೆ: ಮೂರನ್ನು ಸೀಟಿನ ಮೇಲೆ, ಒಂದನ್ನು ಕಾಲಿಡುವ ಜಾಗದಲ್ಲಿ ಇಟ್ಟರೆ 80 ಕೆಜಿಯ ಮನುಷ್ಯ ಕುಳಿತಂತೆ ಭಾರ ಹಂಚಿಕೆಯಾಗುತ್ತದೆ. ಪೆಟ್ರೋಲ್ ಟ್ಯಾಂಕ್ ಅರ್ಧ ತುಂಬಿರಲಿ. 20 ಲೀಟರ್ ಪೆಟ್ರೋಲ್ ಎಂದರೆ ಸುಮಾರು 15 ಕೆಜಿ, ಅದೂ ಕಾರಿನ ತೀರಾ ಹಿಂಭಾಗದಲ್ಲಿ.

ಮುಂಭಾಗವನ್ನು ಕೆಳ ವಿಶ್‌ಬೋನಿನ ಹಿಂದಿನ ತುದಿಯ ಬಳಿ, ಹಿಂಭಾಗವನ್ನು ಹಿಂದಿನ ಚಕ್ರಗಳಿಗೆ ತುಸು ಮುಂದೆ, ಚಾಸಿಯ ಕೆಳ ಕೊಳವೆಯಿಂದ ನೆಲಕ್ಕೆ ಅಳೆಯಿರಿ. ಹಿಂಭಾಗ ಮುಂಭಾಗಕ್ಕಿಂತ ಸುಮಾರು 15 ಮಿಮೀ ಎತ್ತರವಿರುವುದು ಸೆವೆನ್‌ಗೆ ಒಗ್ಗುವ ನಿಲುವು. ಮುಂಭಾಗ ಎಷ್ಟು ಎತ್ತರವಿರಬೇಕೆಂಬುದನ್ನು ನಿರ್ಧರಿಸುವುದು ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಪಾತ್ರೆಯಾದ ಆಯಿಲ್ ಸಂಪ್, ಏಕೆಂದರೆ ಕಾರಿನಲ್ಲಿ ನೆಲಕ್ಕೆ ಅತಿ ಹತ್ತಿರವಿರುವ ಭಾಗ ಹೆಚ್ಚಾಗಿ ಅದೇ. ಇಂಗ್ಲೆಂಡಿನ ನಿಯಮದಂತೆ ರಸ್ತೆಯ ಹಂಪ್ 100 ಮಿಮೀ ಎತ್ತರದವರೆಗೂ ಇರಬಹುದು. ಸಂಪಿನ ಕೆಳಗೆ 75 ಮಿಮೀಗಿಂತ ಕಡಿಮೆ ಜಾಗ ಉಳಿಸಿದರೆ ಒಂದಲ್ಲ ಒಂದು ದಿನ ಅದು ಬಡಿಯುತ್ತದೆ, ಬಿರುಕು ಬಿಟ್ಟರೆ ಎಂಜಿನ್ನೇ ಹೋಗುತ್ತದೆ. ಹಂಪ್‌ಗಳು ಹೆಚ್ಚಿರುವ ಊರಿನಲ್ಲಿದ್ದರೆ ಇನ್ನೂ 10 ಮಿಮೀ ಎತ್ತರಿಸಲು ಹಿಂಜರಿಯಬೇಡಿ. ನೋಡಲು ಕಾರು ತುಸು ಎತ್ತರವಾಗಿ ಕಂಡೀತು. ಆದರೆ ಸಸ್ಪೆನ್ಷನ್ನಿಗೆ ಆಡಲು ಹೆಚ್ಚು ಜಾಗ ಸಿಕ್ಕಿದಷ್ಟೂ ಹಳ್ಳಿ ರಸ್ತೆಯಲ್ಲಿ ಕಾರು ಹೆಚ್ಚು ನೆಮ್ಮದಿಯಾಗಿ ಓಡುತ್ತದೆ.

ಎತ್ತರ ಬದಲಿಸಲು ಡ್ಯಾಂಪರಿನ (ಶಾಕ್ ಅಬ್ಸಾರ್ಬರಿನ) ಮೈಮೇಲಿನ ಮರೆಯಲ್ಲಿ, ಅಂದರೆ ತಿರುಪಿನ ಸುತ್ತುಗೆರೆಗಳಲ್ಲಿ, ಸ್ಪ್ರಿಂಗ್ ಕೂರುವ ಬಳೆಯನ್ನು ಸಿ ಸ್ಪ್ಯಾನರಿನಿಂದ ತಿರುಗಿಸಬೇಕು. ಮರೆಗಳನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ, ಎಣ್ಣೆ ಸಿಂಪಡಿಸಿ, ಆ ಮೂಲೆಯನ್ನು ಜಾಕಿನಿಂದ ಎತ್ತಿ ಸ್ಪ್ರಿಂಗಿನ ಒತ್ತಡ ಇಳಿಸಿದ ಮೇಲೆಯೇ ತಿರುಗಿಸಿ. ಅಲ್ಯುಮಿನಿಯಂ ಮರೆಯಲ್ಲಿ ಕಸ ಸಿಕ್ಕಿಕೊಂಡರೆ ಬಳೆ ಶಾಶ್ವತವಾಗಿ ಕಚ್ಚಿಕೊಳ್ಳುತ್ತದೆ. ಪ್ರತಿ ಬದಲಾವಣೆಯ ನಂತರ ಕಾರನ್ನು ಕೆಳಗಿಳಿಸಿ, ಒಂದೆರಡು ಮೀಟರ್ ಹಿಂದಕ್ಕೂ ಮುಂದಕ್ಕೂ ತಳ್ಳಿ, ಎರಡು ತುದಿಯನ್ನೂ ಅದುಮಿ ಬಿಟ್ಟು ನಂತರ ಅಳೆಯಿರಿ. ಎತ್ತಿ ಇಳಿಸಿದ ಚಕ್ರಗಳು ಒಳಕ್ಕೆ ಎಳೆದುಕೊಂಡು ನಿಂತಿರುವುದರಿಂದ ತಳ್ಳದೆ ಅಳೆದ ಎತ್ತರ ಸುಳ್ಳು ಹೇಳುತ್ತದೆ.

ಕ್ಯಾಂಬರ್ ಮತ್ತು ಕ್ಯಾಸ್ಟರ್

ಚಕ್ರದ ಮೇಲಿನ ಅಂಚು ಒಳಕ್ಕೆ ವಾಲಿರುವುದು ಋಣ ಕ್ಯಾಂಬರ್. ರಸ್ತೆಗೆ ಮುಂದಿನ ಚಕ್ರಗಳಲ್ಲಿ 1ರಿಂದ 1.5 ಡಿಗ್ರಿ ಋಣ ಕ್ಯಾಂಬರ್ ಸಾಕು. ಟ್ರ್ಯಾಕಿನವರಂತೆ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಬ್ರೇಕ್ ಹಾಕುವಾಗ ಟೈರಿನ ಒಳ ಅಂಚು ಮಾತ್ರ ದುಡಿಯುತ್ತದೆ. ಕೋನ ಅಳೆಯುವ ಡಿಜಿಟಲ್ ಗೇಜ್ ಇದ್ದರೆ ಸುಲಭ. ಇಲ್ಲದಿದ್ದರೆ ತೂಗುಗುಂಡನ್ನು ಚಕ್ರದ ಮುಂದೆ ಇಳಿಬಿಟ್ಟು ರಿಮ್ಮಿನ ಮೇಲಂಚು ಮತ್ತು ಕೆಳಂಚಿಗೆ ಇರುವ ದೂರಗಳನ್ನು ಅಳೆಯಿರಿ. ಅಂಚಿನಿಂದ ಅಂಚಿಗೆ 380 ಮಿಮೀ ಇರುವ ರಿಮ್ಮಿನಲ್ಲಿ 1 ಡಿಗ್ರಿಗೆ ಸುಮಾರು 6.6 ಮಿಮೀ ವ್ಯತ್ಯಾಸ ಬರುತ್ತದೆ. ಮೇಲಿನ ವಿಶ್‌ಬೋನಿನ ತುದಿಯ ಜಾಯಿಂಟನ್ನು ಸುತ್ತುಗಳ ಲೆಕ್ಕದಲ್ಲಿ ಒಳಹೊರಗೆ ಮಾಡಿ ಹೊಂದಿಸುವಾಗ ಒಳಗೆ ಸಾಕಷ್ಟು ಮರೆ ಉಳಿದಿದೆಯೇ ಎಂದು ನೋಡಿ, ಕೊನೆಗೆ ಲಾಕ್ ನಟ್ ಬಿಗಿ ಮಾಡುವುದನ್ನು ಮರೆಯಬೇಡಿ.

ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, 5 ಡಿಗ್ರಿಯ ಆಸುಪಾಸಿನಲ್ಲಿದ್ದು ಎರಡು ಬದಿಯಲ್ಲೂ ಒಂದೇ ಇರಬೇಕು. ಇದು ಕಡಿಮೆಯಾದರೆ ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಹೊಸ ಕಿಟ್ ಕಾರುಗಳು ನೋಂದಣಿಗೆ ಮುಂಚೆ ಎದುರಿಸಬೇಕಾದ ಐವಿಎ (ಬಿಡಿ ವಾಹನಗಳ ಅನುಮೋದನೆ) ಪರೀಕ್ಷೆಯಲ್ಲಿ ಪರೀಕ್ಷಕರು ಇದನ್ನು ಓಡಿಸಿಯೇ ನೋಡುತ್ತಾರೆ, ಅನೇಕ ಕಾರುಗಳು ಬೀಳುವುದೂ ಇಲ್ಲಿಯೇ.

ನಾಲ್ಕು ಮೂಲೆಗಳ ತೂಕ

ಇಡೀ ಕೆಲಸದ ತಿರುಳು ಇದು. ಕುರ್ಚಿಯ ಒಂದು ಕಾಲು ಗಿಡ್ಡವಾಗಿದ್ದರೆ ಹೇಗೆ ಎರಡು ಎದುರುಬದುರು ಕಾಲುಗಳ ಮೇಲೆ ಭಾರ ಬೀಳುತ್ತದೆಯೋ ಹಾಗೆ, ಒಂದು ಸ್ಪ್ರಿಂಗಿನ ಬಳೆ ತುಸು ಹೆಚ್ಚು ಎತ್ತರವಿದ್ದರೂ ಕಾರಿನ ಭಾರ ಒಂದು ಕರ್ಣದ ಕಡೆಗೆ ವಾಲುತ್ತದೆ. ಅಂಥ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ.

ನಾಲ್ಕು ಚಕ್ರಗಳ ಕೆಳಗೂ ತೂಕದ ಪ್ಯಾಡ್ ಇಟ್ಟು, ಆಂಟಿ ರೋಲ್ ಬಾರಿನ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡಬಲದ ಸಸ್ಪೆನ್ಷನ್ನನ್ನು ಜೋಡಿಸುವ ಸರಳಿನ) ಒಂದು ಲಿಂಕನ್ನು ಕಳಚಿ, ಚಾಲಕರ ಭಾರ ಸಹಿತ ತೂಗಿ. ಒಂದು ಉದಾಹರಣೆ ತೆಗೆದುಕೊಳ್ಳೋಣ: ಬಲಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ಮುಂದಿನ ಬಲ 158, ಮುಂದಿನ ಎಡ 130, ಹಿಂದಿನ ಬಲ 162, ಹಿಂದಿನ ಎಡ 170, ಒಟ್ಟು 620 ಕೆಜಿ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿದ ಕರ್ಣದ ಭಾರ 328 ಕೆಜಿ, ಅಂದರೆ 52.9 ಶೇಕಡಾ. ಇದು 50ಕ್ಕೆ ಬರಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಅರಿತಿರಬೇಕು. ಬಳೆಗಳನ್ನು ಎಷ್ಟೇ ತಿರುಗಿಸಿದರೂ ಮುಂದಿನ ಎರಡು ಚಕ್ರಗಳ ಒಟ್ಟು 288, ಬಲಬದಿಯ ಒಟ್ಟು 320 ಬದಲಾಗುವುದಿಲ್ಲ. ಅದು ಬ್ಯಾಟರಿಯಂಥ ವಸ್ತುಗಳ ಜಾಗ ಬದಲಿಸಿದರೆ ಮಾತ್ರ ಬದಲಾಗುತ್ತದೆ. ಬಳೆಗಳಿಂದ ಸಾಧ್ಯವಾಗುವುದು ಒಂದು ಕರ್ಣದಿಂದ ಇನ್ನೊಂದಕ್ಕೆ ಭಾರ ಸಾಗಿಸುವುದಷ್ಟೇ. ಭಾರ ಹೆಚ್ಚಿರುವ ಕರ್ಣದ ಎರಡು ಬಳೆಗಳನ್ನು ಅರ್ಧ ಸುತ್ತು ಇಳಿಸಿ, ಇನ್ನೊಂದು ಕರ್ಣದ ಎರಡನ್ನು ಅರ್ಧ ಸುತ್ತು ಏರಿಸಿ. ಹೀಗೆ ನಾಲ್ಕಕ್ಕೂ ಹಂಚಿದರೆ ಕಾರಿನ ಎತ್ತರ ಹೆಚ್ಚು ಕೆಡುವುದಿಲ್ಲ. ಪ್ರತಿ ಸಲವೂ ಕಾರನ್ನು ತಳ್ಳಿ, ಅದುಮಿ, ಮತ್ತೆ ತೂಗಬೇಕು. ನಮ್ಮ ಉದಾಹರಣೆಯ ಕಾರು ಕೊನೆಗೆ ಮುಂದೆ ಬಲ 149, ಎಡ 139, ಹಿಂದೆ ಬಲ 171, ಎಡ 161 ಎಂದು ನಿಂತರೆ ಎರಡೂ ಕರ್ಣಗಳು 310 ಆಗುತ್ತವೆ.

ಆದರೆ ರಸ್ತೆಯ ಕಾರಿಗೆ ಇದೇ ಕೊನೆಯ ಗುರಿಯಲ್ಲ ಎಂದು ನಾನು ನಂಬುತ್ತೇನೆ. ಸೆವೆನ್‌ನಲ್ಲಿ ಎಬಿಎಸ್ ಇಲ್ಲ. ಮಳೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಮುಂದಿನ ಎರಡು ಚಕ್ರಗಳಲ್ಲಿ ಹಗುರವಾದದ್ದು ಮೊದಲು ಲಾಕ್ ಆಗುತ್ತದೆ. 10 ಕೆಜಿಯ ವ್ಯತ್ಯಾಸ ಅದಕ್ಕೆ ಸಾಕು. ಆದ್ದರಿಂದ ಇನ್ನೂ ತುಸು ಮುಂದುವರಿದು ಮುಂದಿನ ಎರಡನ್ನೂ 144 ಮಾಡಿದರೆ, ಹಿಂದೆ ಬಲ 176, ಎಡ 156 ಆಗಿ ಕರ್ಣ 48.4 ಶೇಕಡಾಕ್ಕೆ ಇಳಿಯುತ್ತದೆ. ತಿರುವುಗಳ ವರ್ತನೆಯಲ್ಲಿ ಸ್ವಲ್ಪ ಅಸಮಾನತೆ ಬಂದರೂ ಬ್ರೇಕ್ ಹಾಕಿದಾಗ ಕಾರು ನೇರವಾಗಿ ನಿಲ್ಲುತ್ತದೆ. ಲ್ಯಾಪ್ ಸಮಯಕ್ಕೆ ಓಡಿಸುವವರು ಕರ್ಣವನ್ನು ನೋಡಲಿ. ಎದುರಿನಿಂದ ಟ್ರ್ಯಾಕ್ಟರ್ ಬರಬಹುದಾದ ವೇಲ್ಸಿನ ಕಿರಿದಾದ ರಸ್ತೆಯಲ್ಲಿ ಓಡಿಸುವವರು ಮುಂದಿನ ಎರಡು ಚಕ್ರಗಳನ್ನು ಸಮ ಮಾಡಲಿ. ಸದಾ ಇಬ್ಬರು ಪಯಣಿಸುವುದಾದರೆ ಪಕ್ಕದ ಸೀಟಿಗೂ ಅಕ್ಕಿ ಚೀಲ ಹಾಕಿಯೇ ತೂಗಬೇಕು.

ಟೋ

ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಂಚು ಒಳಮುಖವೋ ಹೊರಮುಖವೋ ಎಂಬುದೇ ಟೋ. ಎತ್ತರ, ಕ್ಯಾಂಬರ್ ಯಾವುದು ಬದಲಾದರೂ ಟೋ ಬದಲಾಗುವುದರಿಂದ ಇದು ಕೊನೆಗೆ ಬರುತ್ತದೆ. ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಸೀಟಿನಲ್ಲಿ ಭಾರವಿಟ್ಟು ಅಳೆಯುವಂತೆ ಕೇಳಿಕೊಳ್ಳಬೇಕು. ದಾರ ಕಟ್ಟಿ ಮನೆಯಲ್ಲೇ ಅಳೆದರೂ ಅಷ್ಟೇ ನಿಖರ. ಸ್ಟೀರಿಂಗ್ ರ್ಯಾಕನ್ನು ನಡುಮಧ್ಯಕ್ಕೆ ತಂದು ಕಟ್ಟಿಹಾಕಿ. ಕಾರಿನ ಎರಡು ಬದಿಯಲ್ಲೂ ಚಕ್ರದ ನಡುಭಾಗದ ಎತ್ತರಕ್ಕೆ ಸ್ಟ್ಯಾಂಡುಗಳ ನಡುವೆ ದಾರ ಬಿಗಿಯಿರಿ. ಮುಂದಿನ ಜೋಡಿ ಚಕ್ರಗಳ ನಡುವಿನ ಅಗಲವೂ ಹಿಂದಿನ ಜೋಡಿಯ ಅಗಲವೂ ಒಂದೇ ಇರುವುದಿಲ್ಲ. ಹಾಗಾಗಿ ದಾರದಿಂದ ಹಬ್ಬಿನ ಮಧ್ಯಕ್ಕೆ ಇರುವ ದೂರ ಮುಂದೆ ಎಡಬಲದಲ್ಲಿ ಸಮ, ಹಿಂದೆಯೂ ಎಡಬಲದಲ್ಲಿ ಸಮ, ಮತ್ತು ಎರಡು ದಾರಗಳ ನಡುವಿನ ದೂರ ಎರಡೂ ತುದಿಯಲ್ಲಿ ಒಂದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಂತರ ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಉಕ್ಕಿನ ಸ್ಕೇಲಿನಿಂದ ಅಳೆಯಿರಿ. 380 ಮಿಮೀ ರಿಮ್ಮಿನಲ್ಲಿ 1 ಮಿಮೀ ವ್ಯತ್ಯಾಸವೆಂದರೆ ಕೋನದಲ್ಲಿ ಸುಮಾರು 9 ಮಿನಿಟ್ (60 ಮಿನಿಟ್ ಸೇರಿದರೆ 1 ಡಿಗ್ರಿ).

ಮುಂದಿನ ಚಕ್ರಗಳು ಸಮಾನಾಂತರವಾಗಿ, ಅಥವಾ ಎರಡೂ ಸೇರಿ 10 ಮಿನಿಟಿನಷ್ಟು ಒಳಮುಖವಾಗಿ ಇರಲಿ. ಹೊರಮುಖ ಮಾಡಿದರೆ ತಿರುವಿಗೆ ಕಾರು ಚುರುಕಾಗಿ ಬಗ್ಗುತ್ತದೆ, ಆದರೆ ಲಾರಿಗಳು ಕೊರೆದ ಗಾಡಿಜಾಡಿನಲ್ಲಿ ಅತ್ತಿತ್ತ ಎಳೆದಾಡುತ್ತದೆ. ಹಿಂದಿನ ಚಕ್ರಗಳು ಯಾವ ಕಾರಣಕ್ಕೂ ಹೊರಮುಖವಾಗಿರಬಾರದು. ಹಾಗಿದ್ದರೆ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಹಿಂಭಾಗ ಜಾರುತ್ತದೆ. ಡಿ ಡಿಯೋನ್ ಕಾರಿನಲ್ಲಿ ಇದನ್ನು ತಿದ್ದಲು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಬೇಕಾಗುತ್ತದೆ.

ಬಾರು, ಡ್ಯಾಂಪರ್, ಬ್ರೇಕ್, ದೀಪ

ಕಳಚಿದ ಆಂಟಿ ರೋಲ್ ಬಾರಿನ ಲಿಂಕನ್ನು ಚಾಲಕರ ಭಾರ ಇರುವಾಗಲೇ ಮರಳಿ ಸೇರಿಸಿ. ಬೋಲ್ಟು ಒತ್ತಾಯವಿಲ್ಲದೆ ಒಳಹೋಗುವವರೆಗೆ ಲಿಂಕಿನ ಉದ್ದ ಹೊಂದಿಸಬೇಕು; ಎಳೆದು ಸೇರಿಸಿದರೆ ಅಷ್ಟು ಹೊತ್ತು ಮಾಡಿದ ತೂಕದ ಹೊಂದಾಣಿಕೆ ಕೆಡುತ್ತದೆ. ಹಿಂಭಾಗದಲ್ಲೂ ಬಾರ್ ಇದ್ದರೆ ಅತ್ಯಂತ ಮೃದುವಾದ ರಂಧ್ರದಲ್ಲಿ ಇಡಿ. ಹೊಂದಿಸಬಹುದಾದ ಡ್ಯಾಂಪರ್ ಇದ್ದರೆ ಪೂರ್ತಿ ಮೃದುವಿನಿಂದ ಆರಂಭಿಸಿ, ಉಬ್ಬು ದಾಟಿದ ಮೇಲೆ ಕಾರು ತೂಗಾಡುವುದು ನಿಲ್ಲುವವರೆಗೆ ಮಾತ್ರ ಒಂದೊಂದೇ ಕ್ಲಿಕ್ ಏರಿಸಿ. ಟೈರು ನೆಲ ಬಿಟ್ಟು ಹಾರುವ ಗಡಸು ಕಾರು ವೇಗದ ಭ್ರಮೆ ಕೊಡುತ್ತದೆಯೇ ಹೊರತು ಹಿಡಿತ ಕೊಡುವುದಿಲ್ಲ.

ಬ್ರೇಕಿನ ಗಾಳಿ ತೆಗೆದು, ಹೊಸ ಪ್ಯಾಡುಗಳಾದರೆ ತಯಾರಕರು ಹೇಳಿದ ರೀತಿಯಲ್ಲಿ ಪಳಗಿಸಿ. ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನವು ಲಾಕ್ ಆಗಬಾರದು. ಎತ್ತರ ಬದಲಾದ್ದರಿಂದ ಹೆಡ್‌ಲೈಟಿನ ದಿಕ್ಕನ್ನೂ ಮತ್ತೆ ಹೊಂದಿಸಬೇಕು.

ರಸ್ತೆಯಲ್ಲಿ ಪರೀಕ್ಷೆ

ಪರಿಚಿತವಾದ, ವಾಹನ ಸಂಚಾರ ಕಡಿಮೆ ಇರುವ ರಸ್ತೆಯಲ್ಲಿ ನಿಧಾನವಾಗಿ ಆರಂಭಿಸಿ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿದ್ದರೆ ಎರಡು ಟ್ರ್ಯಾಕ್ ರಾಡುಗಳನ್ನು ವಿರುದ್ಧ ದಿಕ್ಕಿನಲ್ಲಿ ಸಮವಾಗಿ ತಿದ್ದಿ. ಉಬ್ಬಿನ ಮೇಲೆ ಮಾತ್ರ ಕಾರು ತಾನಾಗಿ ದಿಕ್ಕು ಬದಲಿಸಿದರೆ ಟೋ ಮುಟ್ಟಬೇಡಿ. ಅದು ಸ್ಟೀರಿಂಗ್ ರ್ಯಾಕಿನ ಎತ್ತರದ ದೋಷವಾಗಿರಬಹುದು. ಮುಂಭಾಗ ತಿರುವಿನಿಂದ ಹೊರಕ್ಕೆ ತಳ್ಳುತ್ತಿದ್ದರೆ ಮುಂದಿನ ಬಾರನ್ನು ಮೃದು ಮಾಡಿ, ಹಿಂಭಾಗ ಬೇಗ ಜಾರುತ್ತಿದ್ದರೆ ಹಿಂದಿನ ಎತ್ತರವನ್ನು 5 ಮಿಮೀ ಇಳಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ, ದಿನಾಂಕ, ಹವೆ ಮತ್ತು ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಹೊಸ ಸ್ಪ್ರಿಂಗುಗಳು ಮತ್ತು ಬುಷ್‌ಗಳು ಮೊದಲ 500 ಮೈಲಿಯೊಳಗೆ ತುಸು ಕುಸಿದು ಕೂರುತ್ತವೆ. ಆಗ ನಟ್ಟುಗಳ ಮೇಲಿನ ಬಣ್ಣದ ಗೆರೆಗಳನ್ನು ನೋಡಿ, ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ, ಎತ್ತರ ಮತ್ತು ಟೋವನ್ನು ಮತ್ತೊಮ್ಮೆ ಅಳೆಯಿರಿ. ಎತ್ತರ 5 ಮಿಮೀಗಿಂತ ಹೆಚ್ಚು ಇಳಿದಿದ್ದರೆ ತೂಕವನ್ನೂ ಮೊದಲಿನಿಂದ ನೋಡಬೇಕು.